ಕೊರತೆಯನ್ನು ಹಂಚುವವರು ಯಾರು?

ಶಿಕಾಗೊ ಬಳಿಯ ನಮ್ಮೂರು ಇಟಾಸ್ಕಾದಿಂದ ಮಿಶಿಗನ್ ಸರೋವರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆಚೆ ದಡ ಕಾಣದಷ್ಟು ಸಿಹಿನೀರು ಅಲ್ಲಿದೆ. ಆದರೂ ನಮ್ಮ ಡುಪೇಜ್ ಕೌಂಟಿಯ ಊರುಗಳಲ್ಲಿ ಪ್ರತಿ ವರ್ಷ ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಹುಲ್ಲುಹಾಸಿಗೆ ಮನಬಂದಂತೆ ನೀರು ಬಿಡುವಂತಿಲ್ಲ. ಹಲವು ಊರುಗಳಲ್ಲಿ ಮನೆ ನಂಬರು ಸಮಸಂಖ್ಯೆಯಾದರೆ ಸಮ ತಾರೀಖು, ಬೆಸವಾದರೆ ಬೆಸ ತಾರೀಖು. ಸರೋವರದ ನೀರು ಬೇಕೆನ್ನುವ ಊರುಗಳಿಗೆಲ್ಲ ಇಲಿನಾಯ್ ರಾಜ್ಯ ಹಾಕಿರುವ ಷರತ್ತು ಇದು. ಅದಕ್ಕೊಂದು ಚರಿತ್ರೆಯಿದೆ. ತನ್ನ ಕೊಳಚೆ ಸರೋವರಕ್ಕೆ ಸೇರಬಾರದೆಂದು ಶಿಕಾಗೊ ನಗರ 1900ರಲ್ಲಿ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿತು. ಸರೋವರದ ನೀರು ಮಿಸಿಸಿಪಿಯ ಕಡೆಗೆ ಹರಿಯತೊಡಗಿದ್ದನ್ನು ಕಂಡು ವಿಸ್ಕಾನ್ಸಿನ್ ಮತ್ತಿತರ ರಾಜ್ಯಗಳು ಕೋರ್ಟಿಗೆ ಹೋದವು. ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಇಲಿನಾಯ್‌ಗೆ ಕೊಟ್ಟ ಪಾಲು ಸರಾಸರಿ 3,200 ಕ್ಯೂಸೆಕ್.

ಈ ಅಂಕಿ ಕಂಡಾಗ ಕನ್ನಡಿಗರಿಗೆ ಕಾವೇರಿ ನೆನಪಾಗಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ಮೊದಲು 5,000 ಕ್ಯೂಸೆಕ್, ಆಮೇಲೆ 3,000 ಕ್ಯೂಸೆಕ್ ಬಿಡಿ ಎಂಬ ಆದೇಶಗಳು ಬಂದು, 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ಆದವು. ಹೆಚ್ಚುಕಡಿಮೆ ಅಷ್ಟೇ ಹರಿವಿನ ಲೆಕ್ಕದೊಳಗೆ ಶಿಕಾಗೊ ಮತ್ತು ಅದರ ಸುತ್ತಲಿನ ನೂರಕ್ಕೂ ಹೆಚ್ಚು ಊರುಗಳು ಬದುಕಬೇಕು. ಗದ್ದೆಯ ಪೈರಿಗೂ ಅಂಗಳದ ಹುಲ್ಲಿಗೂ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿಯ ಜನ ಈ ಕಟ್ಟುಪಾಡನ್ನು ಗೊಣಗುತ್ತಲೇ ಪಾಲಿಸುವುದಕ್ಕೆ ಇನ್ನೊಂದು ಕಾರಣವನ್ನು ನಾನು ಕಾಣುತ್ತೇನೆ. ಇಟಾಸ್ಕಾದಲ್ಲಿ ಮನೆಮನೆಗೆ ನೀರು ಕೊಡುವುದು ಊರಿನ ಆಡಳಿತ. ಶಿಕಾಗೊ ನಗರ ಶುದ್ಧೀಕರಿಸಿದ ನೀರನ್ನು ಊರುಗಳೇ ಸೇರಿ ಕಟ್ಟಿಕೊಂಡ ಡುಪೇಜ್ ವಾಟರ್ ಕಮಿಷನ್ ಎಂಬ ಸಾರ್ವಜನಿಕ ಸಂಸ್ಥೆ 1992ರಿಂದ ಈ ಭಾಗಕ್ಕೆ ತರುತ್ತಿದೆ. ದರ ಏರಿಸಬೇಕಾದರೆ ನಾವು ಆರಿಸಿದ ಟ್ರಸ್ಟಿಗಳು ಬಹಿರಂಗ ಸಭೆಯಲ್ಲಿ ಮತ ಹಾಕಬೇಕು. ಹುಲ್ಲಿಗೆ ನೀರು ಬಿಡಬೇಡಿ ಎಂದು ಹೇಳುವವರ ಅಂಗಳದ ಹುಲ್ಲೂ ನಮ್ಮದರ ಜೊತೆಗೇ ಒಣಗುತ್ತದೆ.

ಮಳೆ ಕೈಕೊಟ್ಟ ವರ್ಷ ನೀರು ಸರಬರಾಜು ಎಂಬ ಕೆಲಸವೇ ಬೇರೆಯಾಗಿಬಿಡುತ್ತದೆ. ಒಳ್ಳೆಯ ಮಳೆಗಾಲದಲ್ಲಿ ಅದು ಪಂಪು, ಪೈಪು, ಕ್ಲೋರಿನ್ನಿನ ಕೆಲಸ. ಬಲ್ಲವರು ಯಾರು ಮಾಡಿದರೂ ನಡೆದೀತು. ಬರದಲ್ಲಿ ಅದು ಯಾರಿಗೆ ಎಷ್ಟು ಕಡಿಮೆ ಕೊಡಬೇಕೆಂದು ತೀರ್ಮಾನಿಸುವ ಕೆಲಸ. ಆಸ್ಪತ್ರೆಗೆಷ್ಟು, ಕಾರ್ಖಾನೆಗೆಷ್ಟು, ಎತ್ತರದ ಬಡಾವಣೆಗೆ ಯಾವ ದಿನ, ಗುಡಿಸಲು ಕೇರಿಗೆ ಯಾವ ದಿನ, ಬಿಲ್ಲು ಕಟ್ಟಲಾಗದವನ ನಲ್ಲಿಯನ್ನು ಏನು ಮಾಡುವುದು? ಇವು ಎಂಜಿನಿಯರಿಂಗ್ ಪ್ರಶ್ನೆಗಳಲ್ಲ. ಇವಕ್ಕೆ ಉತ್ತರ ಕೊಡುವ ಅಧಿಕಾರ ಊರಿನ ಜನ ತಾವೇ ಆರಿಸಿದವರಿಗೆ ಕೊಟ್ಟದ್ದು. ಅದನ್ನು ಗುತ್ತಿಗೆ ಪತ್ರದಲ್ಲಿ ಬರೆದು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ದಾಟಿಸಿದರೂ ಜನರ ಮನಸ್ಸು ಅದಕ್ಕೆ ಒಪ್ಪುವುದಿಲ್ಲ. ಬರಗಾಲದಲ್ಲಿ ಖಾಸಗಿ ನೀರಿನ ಕಂಪನಿಗಳ ಮೇಲೆ ಏಳುವ ಸಿಟ್ಟು ನನಗೆ ಅರ್ಥವಾಗಿರುವುದು ಹೀಗೆ. ಲಾಭದ ಮೇಲಿನ ಸಿಟ್ಟು ಅದರಲ್ಲಿ ಸಣ್ಣ ಪಾಲು. ನನಗೆ ಕಡಿಮೆ ಕೊಡಲು ನೀನು ಯಾರು ಎಂಬ ಪ್ರಶ್ನೆಯೇ ದೊಡ್ಡದು.

ನಮ್ಮಿಂದ ದೂರವಿಲ್ಲದ ಬೋಲಿಂಗ್‌ಬ್ರೂಕ್, ಹೋಮರ್ ಗ್ಲೆನ್ ಊರುಗಳಿಗೂ ಇದೇ ಸರೋವರದ ನೀರು ಬರುತ್ತದೆ. ಆದರೆ ಅಲ್ಲಿ ಬಿಲ್ಲು ಕಳಿಸುವುದು ಇಲಿನಾಯ್ ಅಮೆರಿಕನ್ ವಾಟರ್ ಎಂಬ ಕಂಪನಿ, ನ್ಯೂ ಜೆರ್ಸಿಯಲ್ಲಿ ಮುಖ್ಯ ಕಚೇರಿಯಿರುವ ಷೇರುದಾರರ ಸಂಸ್ಥೆಯೊಂದರ ಅಂಗ. ದರ ನಿಗದಿಯಾಗುವುದು ರಾಜ್ಯದ ಕಾಮರ್ಸ್ ಕಮಿಷನ್‌ನಲ್ಲಿ. ಅದರ ಸದಸ್ಯರನ್ನು ಗವರ್ನರ್ ನೇಮಿಸುತ್ತಾರೆ. ಊರಿನ ಮೇಯರ್ ಬೇಕಾದರೆ ಅರ್ಜಿ ಬರೆಯಬಹುದು. ಆ ಭಾಗದ ಐದು ಊರುಗಳು ಒಂದು ಸಂಸ್ಥೆ ಕಟ್ಟಿಕೊಂಡು, ಸರೋವರದ ನೀರು ತರುವ ಕೊಳವೆಯನ್ನು ಕಂಪನಿಯಿಂದ ಕಾನೂನುಬದ್ಧವಾಗಿ ಸ್ವಾಧೀನಪಡಿಸಿಕೊಳ್ಳಲು ವರ್ಷಗಟ್ಟಲೆ ವ್ಯಾಜ್ಯ ನಡೆಸಿದವು. ಆ ಸಾಲಿನಲ್ಲಿದ್ದ ರೋಮಿಯೋವಿಲ್, ಲೆಮಾಂಟ್, ವುಡ್‌ರಿಜ್ ಊರುಗಳ ಹೆಸರು ಇಲ್ಲಿಯ ಕನ್ನಡಿಗರಿಗೆ ಹೊಸದಲ್ಲ. ನಮ್ಮವರ ಮನೆಗಳು ಆ ಸುತ್ತಿನಲ್ಲಿ ಬೇಕಾದಷ್ಟಿವೆ.

ಮಿತವ್ಯಯದ ಮಾತಿಗೇ ಬನ್ನಿ. ಈ ಕಂಪನಿಯ ದರಪಟ್ಟಿಯಲ್ಲಿ ಒಂದು ಹೊಂದಾಣಿಕೆ ಬಾಬ್ತು ಇದೆ: ಅಂದಾಜಿಗಿಂತ ಜನ ಕಡಿಮೆ ನೀರು ಬಳಸಿದರೆ ಆದ ಖೋತಾ ಮುಂದಿನ ಬಿಲ್ಲಿಗೆ ಸೇರುತ್ತದೆ, ಹೆಚ್ಚು ಬಳಸಿದರೆ ಹೆಚ್ಚುವರಿ ವಾಪಸಾಗುತ್ತದೆ. ಲೆಕ್ಕಶಾಸ್ತ್ರಕ್ಕೆ ಇದು ನ್ಯಾಯವೇ. ಪೈಪುಗಳ ಸಾಲ, ಸಿಬ್ಬಂದಿಯ ಸಂಬಳ ನೀರು ಕಡಿಮೆ ಹರಿದರೆ ಕಡಿಮೆಯಾಗುವುದಿಲ್ಲ. ಸರ್ಕಾರಿ ಮಂಡಳಿಗೂ ಈ ಕಷ್ಟ ತಪ್ಪಿದ್ದಲ್ಲ. ಆದರೆ ಬೇಸಿಗೆಯಲ್ಲಿ ಹೊಟ್ಟೆ ಬಾಯಿ ಕಟ್ಟಿ ನೀರು ಉಳಿಸಿದ ಮನೆಯವಳು, ಉಳಿಸಿದ್ದಕ್ಕೇ ಬಿಲ್ಲಿನಲ್ಲಿ ಸೇರಿರುವ ಸಾಲನ್ನು ಓದಿದಾಗ ಏನೆಂದುಕೊಳ್ಳಬೇಕು? ಅದೇ ಮಾತನ್ನು ಊರಿನ ಟ್ರಸ್ಟಿ ಹೇಳಿದ್ದರೆ ಆಕೆ ಸಭೆಗೆ ಹೋಗಿ ಎದುರು ನಿಂತು ಕೇಳುತ್ತಿದ್ದಳು. ಇಲ್ಲಿ ಕೇಳಬೇಕಾದವರು ರಾಜಧಾನಿ ಸ್ಪ್ರಿಂಗ್‌ಫೀಲ್ಡಿನ ಕಡತಗಳಲ್ಲಿದ್ದಾರೆ.

ಯೂನಿವರ್ಸಿಟಿ ಪಾರ್ಕ್ ಎಂಬ ಊರಿನದು ಇನ್ನೂ ನೋವಿನ ಕಥೆ. ಕರಿಯರೇ ಹೆಚ್ಚಿರುವ ಆ ಊರಿಗೆ ನೀರು ಕೊಡುವ ಆಕ್ವಾ ಇಲಿನಾಯ್ ಕಂಪನಿ 2017ರ ಕೊನೆಯಲ್ಲಿ ಬಾವಿಯ ನೀರು ಬಿಟ್ಟು ಕಂಕಾಕೀ ನದಿಯ ನೀರಿಗೆ ಬದಲಾಯಿಸಿತು. ಹೊಸ ನೀರಿಗೆ ಸೇರಿಸಿದ ರಾಸಾಯನಿಕ ಹಳೆಯ ಪೈಪುಗಳೊಳಗಿನ ರಕ್ಷಣೆಯ ಪದರವನ್ನು ಕರಗಿಸಿ ಸೀಸ ನಲ್ಲಿಗೆ ಬಂತು. 2019ರ ಜೂನ್‌ನಲ್ಲಿ ಈ ನೀರು ಕುಡಿಯಬೇಡಿ ಎಂಬ ಪ್ರಕಟಣೆ ಹೊರಟಿತು. ಆಗಸ್ಟ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ಇದು ಬರದ ಕಥೆಯಲ್ಲ. ಆದರೆ ಒಮ್ಮೆ ಹೀಗಾದ ಊರಿನಲ್ಲಿ ಅದೇ ಕಂಪನಿ ನಾಳೆ ಬರ ಬಂದಾಗ ಸಹಕರಿಸಿ ಎಂದು ಕೇಳಿದರೆ ಯಾರು ಕಿವಿಗೊಟ್ಟಾರು?

ನೀರನ್ನು ಪೂರ್ತಿಯಾಗಿ ಖಾಸಗಿಗೆ ಮಾರಿದ ದೇಶ ಇಂಗ್ಲೆಂಡ್. 1989ರಲ್ಲಿ ಮಾರಾಟ ನಡೆಯಿತು, ಆರೇ ವರ್ಷಕ್ಕೆ, 1995ರಲ್ಲಿ, ಯಾರ್ಕ್‌ಶೈರ್‌ನಲ್ಲಿ ಬರ ಬಂತು. ಜಲಾಶಯಗಳು ಬತ್ತಿ ಹಗಲೂ ರಾತ್ರಿ ಟ್ಯಾಂಕರುಗಳು ಓಡಿದವು. ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ತಾವು ಮೂರು ತಿಂಗಳಿಂದ ಸ್ನಾನವನ್ನೇ ಮಾಡಿಲ್ಲ ಎಂದು ಹೇಳಿಕೊಂಡರು. ಬರವಿಲ್ಲದ ಪ್ರದೇಶದಲ್ಲಿದ್ದ ನೆಂಟರ ಮನೆಯಲ್ಲಿ ಮಿಂದು ಬಂದದ್ದು ಆಮೇಲೆ ಬಯಲಾಯಿತು. ಜನ ಕೆರಳಿದ್ದು ಆ ಸ್ನಾನದಿಂದಲ್ಲ, ಕೊರತೆಯಲ್ಲಿ ತಾನೂ ಪಾಲುದಾರ ಎಂದು ನಂಬಿಸಲು ಹೊರಟದ್ದರಿಂದ. 2022ರ ಬೇಸಿಗೆಯಲ್ಲಿ ಲಂಡನ್ನಿಗೆ ನೀರು ಕೊಡುವ ಥೇಮ್ಸ್ ವಾಟರ್ ತೋಟಕ್ಕೆ ಪೈಪು ಹಿಡಿಯಬಾರದೆಂದು ನಿಷೇಧ ಹೇರಿತು. ಆಗ ಆ ಕಂಪನಿಯ ಕೊಳವೆಗಳಿಂದಲೇ ದಿನಕ್ಕೆ ಸುಮಾರು 60 ಕೋಟಿ ಲೀಟರ್ ಸೋರುತ್ತಿತ್ತು, ಸರಬರಾಜಾಗುವ ನೀರಿನ ಹೆಚ್ಚುಕಡಿಮೆ ಕಾಲುಭಾಗ. ಮಾರಾಟದ ದಿನ ಒಂದು ಪೌಂಡ್ ಸಾಲವೂ ಇಲ್ಲದೆ ಕೈಗೆ ಸಿಕ್ಕ ಸಂಸ್ಥೆ ಅದು. ಈಗ ಅದರ ಸಾಲ ಸಾವಿರ ಕೋಟಿ ಪೌಂಡನ್ನು ಮೀರಿದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹುಬ್ಬಳ್ಳಿ-ಧಾರವಾಡ. ಅವಳಿನಗರದ ಕುಡಿಯುವ ನೀರಿನ ಕಥೆ ಗೊತ್ತಿದ್ದವರಿಗೆ ಬೇಸಿಗೆಯ ಬೀದಿಯಲ್ಲಿ ಕಿವಿಗೆ ಬೀಳುವ ಮೊದಲ ಮಾತು ಯಾವುದೆಂದು ಗೊತ್ತು: “ಇವತ್ತ ನೀರ ಬರ್ತಾವೇನ್ರಿ?” ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಊರಿಗೆ ಬರುತ್ತದೆ, ಹುಬ್ಬಳ್ಳಿಗೆ ನೀರಸಾಗರದ ಕೆರೆಯೂ ಇದೆ, ಮಳೆಯಾದರೆ. ನಳಕ್ಕೆ ಐದಾರು ದಿನಕ್ಕೊಮ್ಮೆ ನೀರು ಬರುವುದು ಅಲ್ಲಿ ತಲೆಮಾರುಗಳ ವಾಡಿಕೆ. ಹೆಣ್ಣುಮಕ್ಕಳು ರಾತ್ರಿ ಎರಡಕ್ಕೆ ಎದ್ದು ಬ್ಯಾರೆಲ್ಲು, ಕೊಡ, ಪಾತ್ರೆ ತುಂಬಿಟ್ಟುಕೊಂಡದ್ದು, ಅದಕ್ಕಾಗಿ ಕೂಲಿ ತಪ್ಪಿಸಿಕೊಂಡದ್ದು, ಮದುವೆ ಮುಂಜಿಯ ದಿನ ಗೊತ್ತುಮಾಡುವಾಗಲೂ ನೀರಿನ ಪಾಳಿ ನೋಡಿದ್ದು ಎಲ್ಲವೂ ಸರ್ಕಾರದ ಕೈಯಲ್ಲಿ ನೀರಿದ್ದ ಕಾಲದ್ದೇ.

ಆದ್ದರಿಂದ ಖಾಸಗಿ ಕಂಪನಿ ಬಂದದ್ದನ್ನು ಅಲ್ಲಿಯ ಜನ ಮೊದಲಿಗೆ ಹಗೆತನದಿಂದ ನೋಡಿದರು ಎಂದರೆ ತಪ್ಪಾದೀತು. ವಿಶ್ವ ಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಐದು ವಲಯಗಳಲ್ಲಿ ಫ್ರಾನ್ಸ್ ಮೂಲದ ವೆಯೋಲಿಯಾ ಕಂಪನಿ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸಿತು. 2008ರ ಹೊತ್ತಿಗೆ ಅದು ನಡೆಯುತ್ತಿತ್ತು. ಹಳೆಯ ಪೈಪು ಕಿತ್ತು ಹೊಸದು ಹಾಕಿ, ಪ್ರತಿ ಮನೆಗೂ ಮೀಟರು ಕೂರಿಸಿದ್ದರಿಂದ ಸೋರಿಕೆ ಇಳಿಯಿತು. ಪೈಪಿನಲ್ಲಿ ಸದಾ ಒತ್ತಡ ಇರುವುದರಿಂದ ಚರಂಡಿಯ ಕೊಳೆ ಒಳಗೆ ಹೀರಿಕೊಳ್ಳುವುದು ನಿಂತಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರು ಅವಳಿನಗರದ ಎರಡೂ ಬಗೆಯ ವಾರ್ಡುಗಳ ನಳದ ನೀರನ್ನು ಪರೀಕ್ಷಿಸಿದಾಗ, ಸದಾ ನೀರು ಬರುವ ಕಡೆ ಮಲಿನತೆ ಬಹಳ ಕಡಿಮೆಯಿತ್ತು. ಕಂಪನಿಯ ಕಸುಬುಗಾರಿಕೆ ದಿಟವಾದದ್ದು. ಅದನ್ನು ಅಲ್ಲಗಳೆಯುವವರು ಐದು ದಿನಕ್ಕೊಮ್ಮೆ ನೀರು ತುಂಬಿಸಿದವರಲ್ಲ.

ಆದರೆ ಒಂದೇ ಜಲಾಶಯ ಎರಡು ಬಗೆಯ ಊರನ್ನು ಸಾಕಿತು. ರಸ್ತೆಯ ಈಚೆ ಬದಿಗೆ ದಿನವಿಡೀ ನೀರು, ಆಚೆ ಬದಿಗೆ ವಾರಕ್ಕೊಮ್ಮೆ. ಮಾದರಿ ವಲಯ ಎಂದು ಆರಿಸಿದ್ದು ಯಾರು, ಉಳಿದವರ ಸರದಿ ಯಾವಾಗ ಎಂಬ ಪ್ರಶ್ನೆಗಳು ಹತ್ತು ವರ್ಷ ಹಾಗೇ ಉಳಿದವು. ಆಮೇಲೆ ಇಡೀ ಅವಳಿನಗರಕ್ಕೆ ಈ ವ್ಯವಸ್ಥೆ ವಿಸ್ತರಿಸುವ, ಸಾವಿರ ಕೋಟಿ ರೂಪಾಯಿ ಮೀರಿದ ಗುತ್ತಿಗೆ ಎಲ್ ಆ್ಯಂಡ್ ಟಿ ಕಂಪನಿಗೆ ಹೋಯಿತು. 2022ರಲ್ಲಿ ಜಲಮಂಡಳಿಯ ಕೈಯಿಂದ ನಿತ್ಯದ ಸರಬರಾಜೂ ಅದರ ಕೈಗೆ ಬಂತು. ಐದಾರು ದಿನ ಇದ್ದದ್ದು ಎಂಟು ಹತ್ತು ದಿನವಾಯಿತೆಂಬ ದೂರು ಶುರುವಾದದ್ದು ಆಗ. ಖಾಲಿ ಕೊಡ ಹಿಡಿದ ಪ್ರತಿಭಟನೆಗಳಾದವು, ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಸದಸ್ಯರು ಕಂಪನಿಯ ವಿರುದ್ಧ ಹರಿಹಾಯ್ದರು. ಜಲಮಂಡಳಿಯಲ್ಲಿ ಹೊರಗುತ್ತಿಗೆಯಲ್ಲಿ ದುಡಿಯುತ್ತಿದ್ದ ನೌಕರರು ಕೆಲಸಕ್ಕಾಗಿ, ಬಾಕಿ ಸಂಬಳಕ್ಕಾಗಿ ಧರಣಿ ಕೂತರು. ಈ ಕೊನೆಯ ಸಂಗತಿಗೆ ಯಾರೂ ಕೊಡಬೇಕಾದಷ್ಟು ಮಹತ್ವ ಕೊಡಲಿಲ್ಲ. ಯಾವ ಓಣಿಯ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಎತ್ತರದ ಮನೆಗೂ ನೀರು ಏರುತ್ತದೆ ಎಂಬ ವಿದ್ಯೆ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅದು ವಾಲ್ವ್‌ಮನ್‌ನ ಕೈಯಲ್ಲಿರುತ್ತದೆ.

ಅದರ ಮೇಲೆ 2023ರ ಬರ ಬಂತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಇಂಥ ಹೊತ್ತಿನಲ್ಲಿ ಗುತ್ತಿಗೆಯ ವ್ಯವಸ್ಥೆಯ ನಿಜವಾದ ದೋಷ ಕಾಣುತ್ತದೆ. ನೀರು ಯಾಕೆ ಬಂದಿಲ್ಲ ಎಂದು ಮನೆಯವರು ಕೇಳಿದರೆ ಮಳೆಯಿಲ್ಲ ಎನ್ನಬಹುದು, ಪೈಪು ಒಡೆದಿದೆ ಎನ್ನಬಹುದು, ಕರೆಂಟಿಲ್ಲ ಎನ್ನಬಹುದು, ಹೊಸ ಜಾಲದ ಕೆಲಸ ನಡೆದಿದೆ ಎನ್ನಬಹುದು. ಯಾವುದು ದೇವರ ಕೊರತೆ, ಯಾವುದು ಮನುಷ್ಯರ ಕೊರತೆ ಎಂದು ಬೇರ್ಪಡಿಸಿ ನೋಡಲು ಬೇಕಾದ ಲೆಕ್ಕ ನಳದ ಮುಂದೆ ನಿಂತವಳ ಬಳಿ ಇರುವುದಿಲ್ಲ. ಜಲಾಶಯದಲ್ಲಿ ಇಷ್ಟಿತ್ತು, ಶುದ್ಧೀಕರಣ ಘಟಕದಿಂದ ಇಷ್ಟು ಹೊರಟಿತು, ವಾರ್ಡಿಗೆ ಇಷ್ಟು ತಲುಪಿತು ಎಂಬ ಮೂರು ಅಂಕಿಗಳು ಸಾಕು. ಅವು ಮೂರು ಸಂಸ್ಥೆಗಳ ಮೂರು ಕಡತಗಳಲ್ಲಿವೆ. ವಾರ್ಡಿನ ಸದಸ್ಯ ಕಂಪನಿಯ ಕಡೆ ಕೈ ತೋರಿಸುತ್ತಾನೆ, ಕಂಪನಿ ಗುತ್ತಿಗೆಯ ಷರತ್ತಿನ ಕಡೆ, ಸರ್ಕಾರ ಆಕಾಶದ ಕಡೆ. ಸಿಟ್ಟಿಗೆ ವಿಳಾಸವೇ ಇಲ್ಲವಾದಾಗ ಅದು ರಸ್ತೆ ತಡೆಯಾಗುತ್ತದೆ.

ಮಲಪ್ರಭೆಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಮಹದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತದ್ದು ಅವಳಿನಗರದ ಕುಡಿಯುವ ನೀರಿನ ಹೆಸರಿನಲ್ಲಿಯೂ ಹೌದು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟದ್ದು 3.9 ಟಿಎಂಸಿ. ಆ ಒಂದೊಂದು ಟಿಎಂಸಿಯ ಹಿಂದೆ ಲಾಠಿ ತಿಂದ ಯಮನೂರಿನಂಥ ಊರುಗಳ ಹಳ್ಳಿಗರಿದ್ದಾರೆ. ಅಂಥ ನೀರು ನಗರದ ಪೈಪಿನಲ್ಲಿ ಎಷ್ಟು ಸೋರುತ್ತದೆ ಎಂಬುದು ಕಂಪನಿ ಮತ್ತು ಪಾಲಿಕೆಯ ನಡುವಿನ ವ್ಯವಹಾರ ಮಾತ್ರವಾಗಿ ಉಳಿಯಬಾರದು. ಯಮನೂರಿನ ರೈತನಿಗೂ ಅದನ್ನು ತಿಳಿಯುವ ಹಕ್ಕಿದೆ.

ಹಾಗಾದರೆ ಸಾರ್ವಜನಿಕ ಎಂಬ ಹಣೆಪಟ್ಟಿ ಇದ್ದರೆ ಸಾಕೇ? ಸಾಲದು ಎನ್ನಲು ಇಲ್ಲಿಂದ ಪೂರ್ವಕ್ಕೆ ನಾಲ್ಕೈದು ಗಂಟೆ ಪ್ರಯಾಣಿಸಿದರೆ ಸಿಗುವ ಡೆಟ್ರಾಯಿಟ್ ಸಾಕ್ಷಿ. ಆ ನಗರದ ನೀರಿನ ಇಲಾಖೆ ಸರ್ಕಾರದ್ದೇ. 2014ರಲ್ಲಿ ಬಾಕಿ ಉಳಿಸಿಕೊಂಡವರ ನಲ್ಲಿಗಳನ್ನು ಕಡಿಯಲು ಹೊರಟು, ಆ ಒಂದು ವರ್ಷದಲ್ಲಿ 30 ಸಾವಿರಕ್ಕೂ ಹೆಚ್ಚು ಮನೆಗಳ ನೀರು ನಿಲ್ಲಿಸಿತು. ವಿಶ್ವಸಂಸ್ಥೆಯ ತಜ್ಞರು ಬಂದು ನೋಡಿ ಇದು ಮಾನವ ಹಕ್ಕಿನ ಉಲ್ಲಂಘನೆ ಎಂದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಪಕ್ಕದ ಫ್ಲಿಂಟ್ ನಗರ ಖರ್ಚು ಉಳಿಸಲೆಂದು ಡೆಟ್ರಾಯಿಟ್‌ನ ನೀರು ಬಿಟ್ಟು ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿತು, ತುಕ್ಕು ತಡೆಯುವ ರಾಸಾಯನಿಕವನ್ನೂ ಸೇರಿಸದೆ. ಮಕ್ಕಳ ರಕ್ತದಲ್ಲಿ ಸೀಸ ಸೇರಿತು. ಖಾಸಗೀಕರಣದ ಪರವಾಗಿರುವವರು ಈ ಎರಡು ಹೆಸರುಗಳನ್ನು ಎತ್ತಿ ತೋರಿಸುವುದು ಸಹಜ. ಆದರೆ ಆ ಹೊತ್ತಿನಲ್ಲಿ ಎರಡೂ ನಗರಗಳನ್ನು ಆಳುತ್ತಿದ್ದವರು ಚುನಾಯಿತರಲ್ಲ. ಮಿಶಿಗನ್‌ನ ಗವರ್ನರ್ ನೇಮಿಸಿದ ತುರ್ತು ಆಡಳಿತಾಧಿಕಾರಿಗಳ ಕೈಯಲ್ಲಿ ಎಲ್ಲ ಅಧಿಕಾರವಿತ್ತು. ಮೇಯರ್ ಮತ್ತು ನಗರಸಭೆಯ ತೀರ್ಮಾನಗಳನ್ನು ಅವರು ಬದಿಗಿಡಬಹುದಿತ್ತು. 2015ರ ಮಾರ್ಚ್‌ನಲ್ಲಿ ಫ್ಲಿಂಟ್‌ನ ನಗರಸಭೆ ಡೆಟ್ರಾಯಿಟ್ ನೀರಿಗೆ ಮರಳಬೇಕೆಂದು ಮತ ಹಾಕಿದಾಗ ಅಧಿಕಾರಿ ಅದನ್ನು ತಳ್ಳಿಹಾಕಿದರು. ಮರಳಿದ್ದು ಅಕ್ಟೋಬರ್‌ನಲ್ಲಿ. ಆ ಏಳು ತಿಂಗಳು ಮಕ್ಕಳು ಕುಡಿದ ನೀರಿಗೆ ಊರಿನ ಮತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದೇ ಕಾರಣ. ಆದ್ದರಿಂದ ಡೆಟ್ರಾಯಿಟ್, ಫ್ಲಿಂಟ್‌ಗಳು ನನ್ನ ವಾದವನ್ನು ಕೆಡವುವುದಿಲ್ಲ, ಗಟ್ಟಿ ಮಾಡುತ್ತವೆ.

ಕೊರತೆ ಹಂಚುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಒಬ್ಬ ಮನುಷ್ಯನೇ ಇದ್ದ. ಹಳೆ ಮೈಸೂರಿನ ಕೆರೆಗಳ ಸೀಮೆಯಲ್ಲಿ ನೀರುಗಂಟಿ ಆಯಗಾರರಲ್ಲೊಬ್ಬ. ತೂಬು ಎತ್ತುವುದು, ಕಾಲುವೆಯ ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯ ಅವನ ಸಂಬಳ. ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಅಚ್ಚುಕಟ್ಟಿಗೆ ನಾಟಿ, ಯಾವ ಬೆಳೆ ಎಂಬುದನ್ನು ಊರು ಕೂತು ತೀರ್ಮಾನಿಸುತ್ತಿತ್ತು, ಅವನು ಜಾರಿ ಮಾಡುತ್ತಿದ್ದ. ಆ ಕಾಲವನ್ನು ನಾನು ಹೊಗಳಲು ಹೊರಟಿಲ್ಲ. ಹಲವು ಊರುಗಳಲ್ಲಿ ನೀರುಗಂಟಿ ದಲಿತ. ಊರಿನ ಗದ್ದೆಗೆಲ್ಲ ನೀರು ಹಂಚುವವನು ಊರೊಳಗಿನ ಬಾವಿ ಮುಟ್ಟುವಂತಿರಲಿಲ್ಲ, ನಾಟಿಯ ತೀರ್ಮಾನ ಮಾಡುವ ಸಭೆಯಲ್ಲಿ ಅವನಿಗೆ ಮಾತಿರಲಿಲ್ಲ. ಆ ಅನ್ಯಾಯವನ್ನು ತೊಡೆದು ಎಲ್ಲರಿಗೂ ಮತ ಕೊಟ್ಟ ಮೇಲೆ ಬಂದ ಪಾಲಿಕೆ, ಪಂಚಾಯತಿಗಳಿಂದ ನೀರಿನ ತೀರ್ಮಾನವನ್ನು ಈಗ ಹೊರಗೆ ಒಯ್ಯುತ್ತಿದ್ದೇವೆ ಎಂಬುದು ನನ್ನ ಸಂಕಟ. ಎಲ್ಲರೂ ಸಭೆಗೆ ಬರುವಂತಾದಾಗ ಸಭೆಯಿಂದಲೇ ವಿಷಯವನ್ನು ಎತ್ತಿಕೊಂಡು ಹೋದರೆ ಯಾರಿಗೆ ನಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ.

ಗುತ್ತಿಗೆಯೂ ಇಲ್ಲದ ಖಾಸಗೀಕರಣ ಬೆಂಗಳೂರಿನ ಟ್ಯಾಂಕರು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ದರ ದಿನದಿನಕ್ಕೆ ಏರಿತು. ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ಗೊತ್ತುಮಾಡಬೇಕಾಯಿತು. ಅದೇ ತಿಂಗಳು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು, ಕೆಲವರಿಂದ ವಸೂಲೂ ಮಾಡಿತು. ಜನ ದಂಡವನ್ನು ಬೈದರು, ಆದರೆ ಅದರ ಹಿಂದಿನ ನ್ಯಾಯವನ್ನು ಪ್ರಶ್ನಿಸಿದವರು ಕಡಿಮೆ. ಟ್ಯಾಂಕರಿನವನಿಂದ ಅಂಥ ಮಾತನ್ನು ಯಾರೂ ನಿರೀಕ್ಷಿಸುವುದೂ ಇಲ್ಲ. ಕಾರು ತೊಳೆಯಲೆಂದು ಕರೆದರೂ ಅವನು ಬರುತ್ತಾನೆ.

ಪೈಪು ಹಾಕುವ, ಸೋರಿಕೆ ಹಿಡಿಯುವ, ಮೀಟರು ಓದುವ ಕೆಲಸವನ್ನು ಕಂಪನಿಗೆ ಕೊಡುವುದರಲ್ಲಿ ನನಗೆ ತಕರಾರಿಲ್ಲ. ಧಾರವಾಡದ ಮಾದರಿ ವಲಯಗಳನ್ನು ಕಂಡ ಮೇಲೆ ತಕರಾರು ತೆಗೆಯುವುದು ಪ್ರಾಮಾಣಿಕವೂ ಅಲ್ಲ. ಆದರೆ ವಾಲ್ವಿನ ವೇಳಾಪಟ್ಟಿ ಪಾಲಿಕೆಯದ್ದಾಗಿರಬೇಕು. ರೇಣುಕಾಸಾಗರದ ಮಟ್ಟ ಇಂತಿಷ್ಟಕ್ಕೆ ಇಳಿದರೆ ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ, ಯಾವ ಉದ್ದಿಮೆಗೆ ಎಷ್ಟು ಕಡಿತ ಎಂಬುದನ್ನು ಬೇಸಿಗೆಗೆ ಮುಂಚೆ, ಫೆಬ್ರುವರಿಯ ಸಾಮಾನ್ಯ ಸಭೆಯಲ್ಲೇ ಚರ್ಚಿಸಿ ಮತಕ್ಕೆ ಹಾಕಲಿ. ಬರ ಬಂದಾಗ ಅದು ಗುತ್ತಿಗೆದಾರನ ಕೈಮೀರಿದ ಸಂಗತಿ ಎಂದು ತಪ್ಪಿಸಿಕೊಳ್ಳುವ ಷರತ್ತು ಗುತ್ತಿಗೆಯಲ್ಲಿ ಇರದಿರಲಿ. ಮೂರು ವರ್ಷಕ್ಕೊಮ್ಮೆ ಮಳೆ ತಪ್ಪುವ ಸೀಮೆಯಲ್ಲಿ ಬರವನ್ನು ಅನಿರೀಕ್ಷಿತ ಎನ್ನುವುದು ಸುಳ್ಳು. ಸರೋವರದ ನೀರು ಪಡೆಯುವ ಇಲಿನಾಯ್‌ನ ಊರುಗಳು ತಮ್ಮ ಸೋರಿಕೆಯ ಲೆಕ್ಕವನ್ನು ಪ್ರತಿ ವರ್ಷ ರಾಜ್ಯಕ್ಕೆ ಒಪ್ಪಿಸಬೇಕು, ಮಿತಿ ಮೀರಿದರೆ ಸರಿಪಡಿಸುವ ಯೋಜನೆ ಕೊಡಬೇಕು. ಅಂಥದೇ ಲೆಕ್ಕ ಹುಬ್ಬಳ್ಳಿಯ ಪ್ರತಿ ವಾರ್ಡಿನ ಕಚೇರಿಯ ಗೋಡೆಗೆ ಅಂಟಲಿ, ಮನೆಗಳಿಗೆ ಕಡಿತ ಮಾಡುವ ಮುಂಚೆಯೇ.

ಶಿಕಾಗೊದ ನೈಋತ್ಯಕ್ಕಿರುವ ಜೋಲಿಯಟ್ ನಗರ ಈಗ ಇಂಥದೇ ಕವಲಿನಲ್ಲಿದೆ. ಅದರ ಆಳದ ಕೊಳವೆಬಾವಿಗಳು 2030ರ ಹೊತ್ತಿಗೆ ಬೇಸಿಗೆಯ ಬೇಡಿಕೆಯನ್ನು ಪೂರೈಸಲಾರವೆಂದು ತಜ್ಞರು ಹೇಳಿದ್ದಾರೆ. ಜೋಲಿಯಟ್ ಮತ್ತು ಸುತ್ತಲಿನ ಐದು ಊರುಗಳು ಸೇರಿ ಗ್ರ್ಯಾಂಡ್ ಪ್ರೇರಿ ವಾಟರ್ ಕಮಿಷನ್ ಎಂಬ ಸಾರ್ವಜನಿಕ ಸಂಸ್ಥೆ ಕಟ್ಟಿಕೊಂಡು ಸರೋವರದ ನೀರು ತರಲು ಹೊರಟಿವೆ. ಖರ್ಚು ಭಾರಿ, ಬಿಲ್ಲುಗಳು ಏರುತ್ತವೆ, ಜನ ಸಿಟ್ಟಾಗಿದ್ದಾರೆ. ಆ ಸಿಟ್ಟನ್ನು ಹೊತ್ತುಕೊಂಡು ಅವರು ನಗರಸಭೆಗೇ ಹೋಗಿ ಮೈಕಿನ ಮುಂದೆ ನಿಲ್ಲುತ್ತಾರೆ, ಎದುರು ಕೂತವರು ಉತ್ತರ ಕೊಡುತ್ತಾರೆ; ಉತ್ತರ ಸಾಲದಿದ್ದರೆ ಮುಂದಿನ ಚುನಾವಣೆಯಿದೆ. ಹುಬ್ಬಳ್ಳಿಯ ಓಣಿಯವರಿಗೆ ಬೇಕಾದದ್ದೂ ಅಷ್ಟೇ.